ಮಾಡುವ ಮದುವೆ, ಆಗುವ ಮದುವೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಈ ಎರಡು ಕೆಲಸಗಳಿಗೂ ಹಣ ಬೇಕು, ಜನ ಬೇಕು, ತಾಳ್ಮೆ ಬೇಕು. ಎರಡರಲ್ಲಿಯೂ ಮೊದಲು ಹಾಕಿದ ಲೆಕ್ಕ ಕಡೆಯವರೆಗೆ ನಿಲ್ಲುವುದಿಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಈ ಮಾತನ್ನು ಆಡುತ್ತಿರುವವರು ಯಾರು? ಮನೆಯ ಹಿರಿಯರು. ಮದುವೆ ಮಾಡುವವರು ಅವರು. ಮದುವೆಯಾಗುವವರ ದನಿ ಈ ಗಾದೆಯಲ್ಲಿ ಕೇಳಿಸುವುದಿಲ್ಲ. ಕನ್ನಡದಲ್ಲಿ ಮದುವೆ ಎಂಬ ಪದದೊಡನೆ ಎರಡು ಧಾತುಗಳು ಬಳಕೆಯಲ್ಲಿವೆ. ಒಂದು ‘ಮಾಡು’, ಇನ್ನೊಂದು ‘ಆಗು’. ತಂದೆತಾಯಿಗಳು ಮದುವೆ ಮಾಡುತ್ತಾರೆ. ಮಕ್ಕಳು ಮದುವೆ ಆಗುತ್ತಾರೆ. ‘ಹೆಣ್ಣು ಕೊಟ್ಟರು’, ‘ಹೆಣ್ಣು ತಂದರು’, ‘ಮಗಳನ್ನು ಧಾರೆ ಎರೆದರು’ ಎಂಬ ದಿನಬಳಕೆಯ ಮಾತುಗಳನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಇವುಗಳಲ್ಲಿ ಹೆಣ್ಣು ಕರ್ಮಪದದ ಸ್ಥಾನದಲ್ಲಿದ್ದಾಳೆ. ಕರ್ತೃಪದದ ಸ್ಥಾನದಲ್ಲಿ ಬೇರೆ ಯಾರೋ ಇದ್ದಾರೆ.

ಕಳೆದ ನೂರೈವತ್ತು ವರ್ಷಗಳಲ್ಲಿ ಮದುವೆಯ ಕಲ್ಪನೆಯಲ್ಲಿ ಉಂಟಾಗಿರುವ ಬದಲಾವಣೆಯನ್ನು ಸಂಗ್ರಹಿಸಿ ಹೇಳುವುದಾದರೆ, ಅದು ‘ಮಾಡು’ ಎಂಬಲ್ಲಿಂದ ‘ಆಗು’ ಎಂಬಲ್ಲಿಗೆ ನಡೆದುಬಂದ ಪಯಣ. ಕರ್ಮಪದವಾಗಿದ್ದವಳು ಕರ್ತೃಪದವಾಗುವ ಈ ಪಯಣ ಸುಲಭವಾಗಿರಲಿಲ್ಲ. ಅದು ಇನ್ನೂ ಮುಗಿದಿಲ್ಲ.

ಬೆಂಗಳೂರಿನ ಉತ್ತರಕ್ಕೆ, ಯಲಹಂಕದ ಮಗ್ಗುಲಲ್ಲಿರುವ ಪುಟ್ಟೇನಹಳ್ಳಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹೊಲ, ತೋಟ, ಕೆರೆಗಳ ನಡುವಿನ ಸಣ್ಣ ಹಳ್ಳಿಯಾಗಿದ್ದ ಈ ಊರು ಈಗ ಮಹಾನಗರದ ಒಂದು ಭಾಗ. ಊರಿನ ಕೆರೆಯನ್ನು ಸರ್ಕಾರವು ಪಕ್ಷಿಗಳ ಸಂರಕ್ಷಣೆಗೆ ಮೀಸಲಾದ ತಾಣವೆಂದು ಘೋಷಿಸಿದೆ. ಬೆಂಗಳೂರಿನ ಸುತ್ತಣ ಇಂಥ ಹಳ್ಳಿಗಳಲ್ಲಿ ಎರಡು ಮೂರು ತಲೆಮಾರುಗಳ ಹಿಂದೆ ಮದುವೆ ಎಂದರೆ ಇಡೀ ಊರಿನ ಕೆಲಸ. ಮನೆಯ ಮುಂದೆ ಹಸಿರು ಸೋಗೆಯ ಚಪ್ಪರ ಏಳುತ್ತಿತ್ತು. ಹಾಲು ಬರುವ ಮರದ ಕೊಂಬೆಯನ್ನು ತಂದು ಹಾಲುಗಂಬವೆಂದು ನೆಡುತ್ತಿದ್ದರು. ಕುಂಬಾರರ ಮನೆಯಿಂದ ಶಾಸ್ತ್ರದ ಮಡಕೆಗಳು ಬರುತ್ತಿದ್ದುವು. ಮಡಿವಾಳರು ನಡೆಮಡಿ ಹಾಸುತ್ತಿದ್ದರು. ಹೆಂಗಸರು ಸೋಬಾನೆ ಹಾಡುತ್ತಿದ್ದರು. ನೆಂಟರು ಮುಯ್ಯಿ ಮಾಡುತ್ತಿದ್ದರು. ಆ ಮುಯ್ಯಿಯನ್ನು ಮುಂದೆ ಅವರ ಮನೆಯ ಮದುವೆಯಲ್ಲಿ ತಪ್ಪದೆ ಹಿಂದಿರುಗಿಸಬೇಕಾಗಿತ್ತು. ಒಂದು ಮದುವೆಯ ಹೊರೆಯನ್ನು ಹತ್ತು ಮನೆಗಳು ಹಂಚಿಕೊಳ್ಳುವ ಜಾಣತನ ಈ ಏರ್ಪಾಟಿನಲ್ಲಿತ್ತು. ಹೊಸ ಸಂಸಾರ ಎಡವಿದರೆ ಹಿಡಿದೆತ್ತುವ ಕೈಗಳೂ ಆ ಹತ್ತು ಮನೆಗಳಲ್ಲಿದ್ದುವು.

ಹಾಗೆಂದು ಆ ಚಪ್ಪರವನ್ನು ಸ್ವರ್ಗವೆಂದು ಬಣ್ಣಿಸುವುದು ಸಲ್ಲದು. ಊರಿನ ಮದುವೆಗೆ ದುಡಿದೂ ಜಾತಿಯ ಕಾರಣದಿಂದ ಚಪ್ಪರದ ಹೊರಗೆ ಕುಳಿತೇ ಉಣ್ಣಬೇಕಾಗಿದ್ದವರು ಇದ್ದರು. ಹಸೆಮಣೆಯ ಮೇಲೆ ಕುಳಿತ ಹುಡುಗಿಗೆ ತನ್ನ ಪಕ್ಕದಲ್ಲಿದ್ದವನ ಮುಖವನ್ನು ಅಂದೇ ಮೊದಲು ಕಾಣುವ ಪ್ರಸಂಗಗಳೂ ಇದ್ದುವು. ಊರೆಲ್ಲ ಸೇರಿ ಮಾಡುತ್ತಿದ್ದ ಮದುವೆಯಲ್ಲಿ ಎಲ್ಲರನ್ನೂ ಕೇಳುತ್ತಿದ್ದರು. ಮದುವೆಯಾಗುವ ಹುಡುಗಿಯೊಬ್ಬಳನ್ನು ಕೇಳುವುದು ಮಾತ್ರ ಅಗತ್ಯವೆಂದು ಬಹುಮಂದಿಗೆ ತೋರಿರಲಿಲ್ಲ.

ಹಳ್ಳಿ ನಗರದೊಳಗೆ ಸೇರಿದಂತೆಲ್ಲ ನೆರೆಹೊರೆಯೂ ಬದಲಾಗುತ್ತದೆ. ಇಂದಿನ ಬಡಾವಣೆಗಳಲ್ಲಿ ಹಲವು ಭಾಷೆಗಳ, ಹಲವು ಮತಗಳ ಜನರು ಅಕ್ಕಪಕ್ಕದಲ್ಲಿ ವಾಸಿಸುತ್ತಾರೆ. ಒಂದು ಮನೆಯ ವಧೂವರರು ಅಗ್ನಿಸಾಕ್ಷಿಯಾಗಿ ಸಪ್ತಪದಿ ತುಳಿಯುತ್ತಾರೆ. ಏಳನೆಯ ಹೆಜ್ಜೆಯೊಡನೆ ಮದುವೆ ಪೂರ್ಣವಾಗುತ್ತದೆ ಎಂಬುದನ್ನು ೧೯೫೫ರ ಹಿಂದೂ ವಿವಾಹ ಕಾಯಿದೆಯೂ ಮಾನ್ಯ ಮಾಡಿದೆ. ಇನ್ನೊಂದು ಮನೆಯಲ್ಲಿ ನಿಕಾಹ್ ನಡೆಯುತ್ತದೆ. ಅದು ಒಂದು ಒಪ್ಪಂದ. ಸಾಕ್ಷಿಗಳ ಮುಂದೆ ಸಮ್ಮತಿ ದೊರೆಯಬೇಕು, ವರನು ವಧುವಿಗೆ ಮೆಹರ್ ನಿಗದಿಪಡಿಸಬೇಕು. ಮತ್ತೊಂದು ಮನೆಯವರು ಚರ್ಚಿನಲ್ಲಿ ಸೇರುತ್ತಾರೆ. ಅಲ್ಲಿ ಪಾದ್ರಿಯು ವಧುವನ್ನೂ ವರನನ್ನೂ ಬೇರೆ ಬೇರೆಯಾಗಿ ‘ಸಮ್ಮತವೇ?’ ಎಂದು ಎಲ್ಲರೆದುರು ಕೇಳುತ್ತಾನೆ. ಆಚಾರಗಳು ಬೇರೆ ಬೇರೆ. ಆದರೆ ಇಬ್ಬರ ಒಪ್ಪಿಗೆಯ ಒಂದು ಬೀಜ ಎಲ್ಲದರ ಒಳಗೂ ಇದೆ. ಒಟ್ಟಿಗೆ ಏಳು ಹೆಜ್ಜೆ ಇಡುವುದೂ ಒಪ್ಪಿಗೆಯ ಸಂಕೇತವೇ ಅಲ್ಲವೆ? ಬೀಜವಿದ್ದ ಮಾತ್ರಕ್ಕೆ ಗಿಡ ಬೆಳೆಯುವುದಿಲ್ಲ. ಎಲ್ಲ ಮತಗಳಲ್ಲಿಯೂ ಅನೇಕ ವೇಳೆ ಒಪ್ಪಿಗೆಯನ್ನು ಕೇಳುವುದು ಬರಿಯ ಶಾಸ್ತ್ರವಾಗಿ, ಉತ್ತರವನ್ನು ಹಿರಿಯರೇ ಮೊದಲೇ ನಿರ್ಧರಿಸಿಬಿಟ್ಟಿರುವುದುಂಟು.

‘ನಮ್ಮ ಹಿಂದಿನವರ ಪದ್ಧತಿ’ ಎಂದು ಹೇಳುವಾಗ ಆ ಪದ್ಧತಿ ಒಂದೇ ಬಗೆಯದಾಗಿತ್ತೆಂದು ಭಾವಿಸುವುದು ಸಾಮಾನ್ಯ. ಚರಿತ್ರೆ ಇದನ್ನು ಒಪ್ಪುವುದಿಲ್ಲ. ಧರ್ಮಶಾಸ್ತ್ರಗಳು ಎಂಟು ಬಗೆಯ ವಿವಾಹಗಳನ್ನು ಹೆಸರಿಸುತ್ತವೆ. ಶಕುಂತಲೆ ದುಷ್ಯಂತನನ್ನು ವರಿಸಿದ್ದು ಗಾಂಧರ್ವ ರೀತಿಯಿಂದ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ಬಿಲ್ಹಣ ಕವಿಯು ತನ್ನ ಸಂಸ್ಕೃತ ಕಾವ್ಯದಲ್ಲಿ, ಕರಹಾಟದ ಶಿಲಾಹಾರ ರಾಜಕುಮಾರಿಯೊಬ್ಬಳು ಸ್ವಯಂವರದಲ್ಲಿ ಆ ಚಕ್ರವರ್ತಿಯನ್ನು ಆರಿಸಿಕೊಂಡುದನ್ನು ವರ್ಣಿಸಿದ್ದಾನೆ. ಕೊಡಗಿನ ಕೊಡವರ ಮದುವೆಗೆ ಪುರೋಹಿತರು ಬೇಕಿಲ್ಲ. ಮನೆಯ ಹಿರಿಯರೇ ಅಕ್ಕಿ ಹಾಕಿ, ಹಾಲು ಕೊಟ್ಟು ಹರಸುತ್ತಾರೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ವಂಶ ನಡೆಯುತ್ತಿದ್ದುದು ತಾಯಿಯ ಕಡೆಯಿಂದ. ಮದುವೆಯಾದ ಹೆಣ್ಣು ತಾಯಿಯ ಕುಟುಂಬದ ಹಕ್ಕನ್ನು ಕಳೆದುಕೊಳ್ಳುತ್ತಿರಲಿಲ್ಲ. ಹೀಗೆ ಒಂದೇ ನಾಡಿನ ಒಳಗೆ ಮದುವೆಯ ಅರ್ಥ ಹತ್ತು ಬಗೆಯಾಗಿತ್ತು.

ಹಳೆಯ ಮೈಸೂರಿನ ಬೇಸಾಯಗಾರರಲ್ಲಿಯೂ ಕಸುಬುದಾರರಲ್ಲಿಯೂ ‘ತೆರ’ ಎಂಬ ಪದ್ಧತಿ ಬಳಕೆಯಲ್ಲಿತ್ತು. ವರನ ಕಡೆಯವರು ಹೆಣ್ಣಿನ ತಂದೆಗೆ ಸಲ್ಲಿಸುತ್ತಿದ್ದ ಹಣವೇ ತೆರ. ಅದೇ ಜನರಲ್ಲಿ ಅನೇಕರು ವಿಧವೆಯ ಮರುಮದುವೆಯನ್ನು ‘ಉಡಿಕೆ’ ಅಥವಾ ‘ಕೂಡಿಕೆ’ ಎಂಬ ಹೆಸರಿನಿಂದ ಒಪ್ಪಿದ್ದರು. ಅದರ ಮರ್ಯಾದೆ ಮೊದಲ ಮದುವೆಗಿಂತ ಕಡಿಮೆಯಾಗಿದ್ದರೂ ಬದುಕಿಗೆ ಅದು ಒಂದು ದಾರಿಯಾಗಿತ್ತು. ಮುಂದೆ ಏನಾಯಿತು? ಹಣ, ವಿದ್ಯೆ, ನಗರದ ಸಂಪರ್ಕ ಹೆಚ್ಚಿದಂತೆ ಇಂಥ ಕುಟುಂಬಗಳು ಮೇಲಿನವರೆನಿಸಿಕೊಂಡವರ ಆಚಾರಗಳನ್ನು ಅನುಸರಿಸತೊಡಗಿದುವು. ತೆರ ಹೋಯಿತು, ವರದಕ್ಷಿಣೆ ಬಂದಿತು. ಉಡಿಕೆ ನಾಚಿಕೆಯ ವಿಷಯವೆನಿಸಿತು. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ೧೯೪೨ರಲ್ಲಿ ಮೈಸೂರಿನ ಮದುವೆ ಮತ್ತು ಕುಟುಂಬಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಮುಂದೆ ಈ ಬಗೆಯ ಅನುಕರಣೆಗೆ ‘ಸಂಸ್ಕೃತೀಕರಣ’ ಎಂದು ಹೆಸರಿಟ್ಟರು. ತೆರದಲ್ಲಿ ದೋಷವಿರಲಿಲ್ಲವೆಂದಲ್ಲ, ಅದು ಹೆಣ್ಣಿನ ಮಾರಾಟದ ಮಟ್ಟಕ್ಕೆ ಇಳಿದದ್ದೂ ಉಂಟು. ಆದರೆ ತೆರವು ಹೆಣ್ಣಿನ ದುಡಿಮೆಗೆ ಬೆಲೆಯಿದೆ ಎಂದು ಹೇಳುತ್ತಿತ್ತು. ವರದಕ್ಷಿಣೆಯು ಹೆಣ್ಣೇ ಒಂದು ಹೊರೆ ಎಂದು ಹೇಳುತ್ತದೆ. ಕಾಲ ಮುಂದೆ ಹೋದ ಮಾತ್ರಕ್ಕೆ ಬದಲಾವಣೆಯೂ ಮುಂದಕ್ಕೇ ಹೋಗಬೇಕೆಂಬ ನಿಯಮವಿಲ್ಲ. ಆದುದರಿಂದ ಹಳೆಯದು, ಹೊಸದು ಎಂಬ ಅಳತೆಗೋಲು ಇಲ್ಲಿ ಸಾಲದು. ಒಂದು ಪದ್ಧತಿಯಿಂದ ಹೆಣ್ಣಿನ ಮಾತಿಗೆ ಬೆಲೆ ಹೆಚ್ಚಿತೆ, ಕುಗ್ಗಿತೆ ಎಂಬುದೇ ಸರಿಯಾದ ಅಳತೆ.

ಜಾತಿಯ ಗೋಡೆಯನ್ನು ಮದುವೆಯಿಂದ ದಾಟುವ ಪ್ರಯತ್ನವೂ ಈ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಕುಲದ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರೆಂದೂ, ಅದಕ್ಕಾಗಿ ಇಬ್ಬರು ತಂದೆಯರೂ ಪ್ರಾಣ ತೆರಬೇಕಾಯಿತೆಂದೂ ಪರಂಪರೆಯು ಹೇಳುತ್ತದೆ. ಶರಣರು ಕಲ್ಯಾಣವನ್ನು ಬಿಟ್ಟು ಚದುರಿಹೋದರು. ಒಂದು ಮದುವೆ ಒಂದು ರಾಜ್ಯವನ್ನೇ ನಡುಗಿಸಿತು. ಮದುವೆ ಎಂಬುದು ಎರಡು ಮನೆಗಳ ಒಳಗಿನ ವ್ಯವಹಾರ ಮಾತ್ರವಲ್ಲವೆಂಬುದಕ್ಕೆ, ಸಮಾಜದ ಇಡೀ ಕಟ್ಟಡದ ಮೂಲೆಗಲ್ಲು ಅದರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಾಲ್ಯವಿವಾಹದ ಪ್ರಶ್ನೆ ಕನ್ನಡ ಸಾಹಿತ್ಯದ ಬಾಗಿಲನ್ನು ತಟ್ಟಿತು. ೧೮೮೭ರಲ್ಲಿ ಸೂರಿ ವೆಂಕಟರಮಣ ಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ಬರೆದರು. ಹಣಕ್ಕಾಗಿ ಎಳೆಯ ಹೆಣ್ಣುಮಕ್ಕಳನ್ನು ವಯಸ್ಸಾದವರಿಗೆ ಕೊಡುತ್ತಿದ್ದ ಕನ್ಯಾವಿಕ್ರಯವನ್ನು ಅದು ನಗೆಯ ಚಾಟಿಯಿಂದ ಬಾರಿಸಿತು. ಏಳು ವರ್ಷಗಳ ಅನಂತರ, ೧೮೯೪ರಲ್ಲಿ, ಮೈಸೂರು ಸಂಸ್ಥಾನವು ಶಿಶುವಿವಾಹವನ್ನು ತಡೆಯುವ ಒಂದು ಶಾಸನವನ್ನು ಮಾಡಿತು. ಅದರ ಪ್ರಕಾರ ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಕೂಡದು. ಐವತ್ತು ವರ್ಷ ಮೀರಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಕೂಡದು. ಇಂದು ಈ ನಿಯಮವನ್ನು ಓದಿದರೆ ‘ಇಷ್ಟೇಯೆ?’ ಎನ್ನಿಸುತ್ತದೆ. ಆದರೆ ಎಂಟು ವರ್ಷದ ಗೆರೆಯನ್ನು ಎಳೆಯುವುದಕ್ಕೂ ಒಂದು ಶಾಸನ ಬೇಕಾಗಿತ್ತು ಎಂಬುದರಿಂದ ಅಂದಿನ ಸ್ಥಿತಿಯನ್ನು ಊಹಿಸಬಹುದು. ೧೮೯೯ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ ಈ ಕೃತಿಯ ನಾಯಕಿ ಒಬ್ಬ ಬಾಲವಿಧವೆ. ಅವಳು ಓದುತ್ತಾಳೆ, ಓದಿದ ಮೇಲೆ ಮರುಮದುವೆಯಾಗುತ್ತಾಳೆ. ಓದು ಮೊದಲು, ಮದುವೆ ಅನಂತರ ಎಂಬ ಕ್ರಮವನ್ನು ಕಾದಂಬರಿಕಾರರು ಅಂದೇ ಗುರುತಿಸಿದ್ದರು.

ಕಾದಂಬರಿಯ ಹೊರಗೆ ನಿಜ ಜೀವನದಲ್ಲಿಯೂ ಇಂಥವರಿದ್ದರು. ೧೮೮೭ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬಾ ಅವರಿಗೆ ಹತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ ಒದಗಿತು. ಇಂದಿನ ಒಂಬತ್ತನೆಯ ತರಗತಿಯ ಹುಡುಗಿಯ ವಯಸ್ಸಿನಲ್ಲಿ ಆಕೆಯ ಬಾಳು ಮುಗಿಯಿತೆಂದು ಸಮಾಜ ತೀರ್ಪು ಕೊಟ್ಟಿತ್ತು. ಆದರೆ ತಂದೆಯ ಬೆಂಬಲದಿಂದ ಆಕೆ ಓದನ್ನು ಮುಂದುವರಿಸಿದರು, ಕಾದಂಬರಿಗಳನ್ನು ಬರೆದರು, ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ನಡೆಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆಯ ಸಂಪಾದಕಿಯಾದರು. ಇಂಥ ಆಸರೆ ದೊರೆಯದವರ ಸಂಖ್ಯೆಯೇ ಹೆಚ್ಚು. ಅವರ ಮೌನಕ್ಕೆ ದನಿ ಬರಲು ಎಷ್ಟೋ ಕಾಲ ಹಿಡಿಯಿತು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ೧೯೬೮ರಲ್ಲಿ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ೧೯೭೬ರಲ್ಲಿ ಬಂದುವು. ಎರಡರ ಕೇಂದ್ರದಲ್ಲಿಯೂ ಬಾಲ್ಯದಲ್ಲಿಯೇ ವಿಧವೆಯಾದ ಮುದುಕಿಯರಿದ್ದಾರೆ. ತಮ್ಮ ಬಾಳನ್ನು ತಾವು ಆರಿಸಿಕೊಳ್ಳದ ಈ ಹೆಂಗಸರು ಇತರರಿಗಿಂತ ಆಳವಾಗಿ ಬಾಳನ್ನು ಅರಿತರು ಎಂಬುದು ಓದುಗರ ಮನಸ್ಸನ್ನು ಕಲಕುವ ಸಂಗತಿ.

ಗಂಡುಮಕ್ಕಳ ಇಚ್ಛೆ ಹೆಣ್ಣುಮಕ್ಕಳ ಇಚ್ಛೆಗಿಂತ ಮೊದಲು ಮನ್ನಣೆ ಪಡೆಯಿತು ಎಂಬುದನ್ನೂ ಇಲ್ಲಿ ಗಮನಿಸಬೇಕು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೧೦ರ ಸುಮಾರಿಗೆ ಬರೆದ ‘ರಂಗನ ಮದುವೆ’ ಕಥೆಯಲ್ಲಿ, ಬೆಂಗಳೂರಿನಲ್ಲಿ ಓದಿ ಹಳ್ಳಿಗೆ ಮರಳಿದ ರಂಗನಿಗೆ ಮದುವೆಯ ಬಗ್ಗೆ ಹೊಸ ಅಭಿಪ್ರಾಯಗಳಿವೆ. ಚಿಕ್ಕ ಹುಡುಗಿಯನ್ನು ಮದುವೆಯಾಗುವುದು ಅವನಿಗೆ ಒಪ್ಪಿಗೆಯಿಲ್ಲ. ಆದರೂ ಹಿರಿಯರ ಜಾಣ್ಮೆಯಿಂದ ಹನ್ನೊಂದು ವರ್ಷದ ರತ್ನಳೊಡನೆ ಅವನ ಮದುವೆಯಾಗುತ್ತದೆ. ಕಥೆ ತಿಳಿಹಾಸ್ಯದಿಂದ ಸಾಗುತ್ತದೆ. ರಂಗನ ಮನಸ್ಸನ್ನು ಒಲಿಸಲು ಎಷ್ಟೆಲ್ಲ ಉಪಾಯಗಳು! ರತ್ನಳ ಮನಸ್ಸು ಮಾತ್ರ ಕಥೆಯ ಹಿನ್ನೆಲೆಯಲ್ಲಿಯೇ ಉಳಿಯುತ್ತದೆ. ಅಂದಿನ ಕಾಲ ಎಲ್ಲಿಯವರೆಗೆ ಬಂದಿತ್ತು, ಎಲ್ಲಿ ನಿಂತಿತ್ತು ಎಂಬುದಕ್ಕೆ ಈ ಕಥೆ ಒಂದು ಮೈಲಿಗಲ್ಲು.

ಹೆಣ್ಣು ಕರ್ತೃವಾಗುವ ಮೊದಲ ಹೆಜ್ಜೆ ‘ಒಲ್ಲೆ’ ಎಂಬ ಒಂದು ಮಾತಿನಲ್ಲಿದೆ. ಈ ಕ್ರಿಯಾಪದದ ವಿಶೇಷವೆಂದರೆ ಇದಕ್ಕೆ ಕರ್ತೃಪದವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ‘ನಾನು’ ಎಂಬುದು ಅದರೊಳಗೇ ಅಡಗಿದೆ. ಮುಂಬಯಿಯ ರಖಮಾಬಾಯಿ ಈ ಮಾತನ್ನು ನ್ಯಾಯಾಲಯದಲ್ಲಿ ಆಡಿದರು. ಹನ್ನೊಂದನೆಯ ವಯಸ್ಸಿನಲ್ಲಿ ಅವರಿಗೆ ಮದುವೆಯಾಗಿತ್ತು. ಬೆಳೆದು ಬುದ್ಧಿ ಬಂದ ಮೇಲೆ, ತನ್ನ ಸಮ್ಮತಿಯಿಲ್ಲದೆ ನಡೆದ ಮದುವೆಯ ಗಂಡನ ಮನೆಗೆ ಹೋಗಲು ಅವರು ಒಪ್ಪಲಿಲ್ಲ. ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳ ಸೆರೆವಾಸವನ್ನು ಅನುಭವಿಸಬೇಕು ಎಂದು ೧೮೮೭ರಲ್ಲಿ ನ್ಯಾಯಾಲಯ ಆಜ್ಞೆ ಮಾಡಿದಾಗ ಸೆರೆವಾಸಕ್ಕೆ ಸಿದ್ಧ ಎಂದರು. ಮರುವರ್ಷ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಅನಂತರ ಅವರು ಲಂಡನ್ನಿಗೆ ಹೋಗಿ ವೈದ್ಯಶಾಸ್ತ್ರವನ್ನು ಓದಿ, ಸೂರತ್ತಿನಲ್ಲಿ ಬಹುಕಾಲ ವೈದ್ಯೆಯಾಗಿ ಸೇವೆ ಸಲ್ಲಿಸಿದರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಚಿನ್ನಮ್ಮನೂ ಮನಸ್ಸೊಪ್ಪದ ಮದುವೆಯಿಂದ ತಪ್ಪಿಸಿಕೊಂಡು ಕತ್ತಲೆಯಲ್ಲಿ ಕಾಡನ್ನು ಹೊಕ್ಕವಳು. ಅವಳ ಆ ನಡೆಯೂ ‘ಒಲ್ಲೆ’ ಎಂಬುದರ ಇನ್ನೊಂದು ರೂಪ.

೧೯೨೯ರಲ್ಲಿ ಹರಬಿಲಾಸ ಶಾರದಾ ಅವರ ಪ್ರಯತ್ನದಿಂದ ಬ್ರಿಟಿಷ್ ಇಂಡಿಯದಲ್ಲಿ ಬಾಲ್ಯವಿವಾಹ ನಿರ್ಬಂಧ ಕಾಯಿದೆಯಾಯಿತು. ಮದುವೆಗೆ ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು ವರ್ಷ ತುಂಬಿರಬೇಕೆಂದು ಅದು ವಿಧಿಸಿತು. ಹಿಂದುಳಿದವರು ನಾವು ಮಾತ್ರವೆಂದು ತಲೆ ತಗ್ಗಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಅದೇ ೧೯೨೯ರವರೆಗೆ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿನಾಲ್ಕು ವರ್ಷವಾಗಿದ್ದರೆ ಮದುವೆಗೆ ಕಾನೂನಿನ ಅಡ್ಡಿಯಿರಲಿಲ್ಲ. ಆ ವರ್ಷ ಅಲ್ಲಿ ಈ ಮಿತಿಯನ್ನು ಇಬ್ಬರಿಗೂ ಹದಿನಾರಕ್ಕೆ ಏರಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಮದುವೆಯ ವಯಸ್ಸು ಹದಿನೆಂಟಾದುದು ೨೦೨೩ರಲ್ಲಿ. ಭಾರತದಲ್ಲಿ ಹುಡುಗಿಯ ವಯಸ್ಸು ೧೯೪೯ರಲ್ಲಿ ಹದಿನೈದಕ್ಕೂ, ೧೯೭೮ರಲ್ಲಿ ಹದಿನೆಂಟಕ್ಕೂ ಏರಿತು. ೧೯೭೮ರಲ್ಲಿಯೇ ಹುಡುಗನ ವಯಸ್ಸು ಇಪ್ಪತ್ತೊಂದಾಯಿತು. ೨೦೦೬ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಬಂದಿತು. ಕರ್ನಾಟಕವು ಆ ಕಾಯಿದೆಗೆ ತಿದ್ದುಪಡಿ ತಂದು, ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು ಎಂದು ಸಾರಿತು. ಎಂಟರಿಂದ ಹದಿನೆಂಟಕ್ಕೆ ಏರಲು ಒಂದು ಹುಡುಗಿಯ ಬಾಲ್ಯಕ್ಕೆ ಹಿಡಿದದ್ದು ಎಂಬತ್ತನಾಲ್ಕು ವರ್ಷಗಳು.

ಜಗತ್ತಿನ ಇತರ ನಾಡುಗಳೂ ಇದೇ ದಾರಿಯಲ್ಲಿ ನಡೆದಿವೆ. ೧೯೪೭ರಲ್ಲಿ ಜಾರಿಗೆ ಬಂದ ಜಪಾನಿನ ಸಂವಿಧಾನವು ಮದುವೆಗೆ ಇಬ್ಬರ ಪರಸ್ಪರ ಸಮ್ಮತಿಯೊಂದೇ ಆಧಾರವೆಂದು ಹೇಳಿತು. ೧೯೪೮ರಲ್ಲಿ ವಿಶ್ವಸಂಸ್ಥೆಯು ಸಾರಿದ ಮಾನವ ಹಕ್ಕುಗಳ ಘೋಷಣೆಯ ಹದಿನಾರನೆಯ ವಿಧಿಯು, ಮದುವೆಯಾಗುವವರ ಮುಕ್ತವಾದ ಮತ್ತು ಪೂರ್ಣವಾದ ಸಮ್ಮತಿಯಿಂದಲೇ ಮದುವೆ ನಡೆಯಬೇಕೆಂದು ವಿಧಿಸಿತು. ಆ ಘೋಷಣೆಯನ್ನು ರೂಪಿಸಿದವರಲ್ಲಿ ಭಾರತದ ಹಂಸಾ ಮೆಹ್ತಾ ಅವರೂ ಇದ್ದರು. ೧೯೫೦ರಲ್ಲಿ ಚೀನವು ಬಾಲ್ಯವಿವಾಹವನ್ನೂ ಬಲವಂತದ ಮದುವೆಯನ್ನೂ ನಿಷೇಧಿಸಿತು. ಭಾಷೆ, ಮತ, ಆಡಳಿತಗಳಲ್ಲಿ ಒಂದಕ್ಕೊಂದು ಹೋಲದ ನಾಡುಗಳು ಕೆಲವೇ ವರ್ಷಗಳ ಅಂತರದಲ್ಲಿ ಒಂದೇ ಮಾತಿಗೆ ಬಂದುದು ಆಕಸ್ಮಿಕವಲ್ಲ. ಮನುಷ್ಯನನ್ನು ಮನುಷ್ಯನೆಂದು ಗೌರವಿಸಬೇಕಾದರೆ ಅವನ ಬಾಳಿನ ಬಹು ದೊಡ್ಡ ನಿರ್ಧಾರದಲ್ಲಿ ಅವನ ಮಾತಿಗೆ ಸ್ಥಾನವಿರಬೇಕು ಎಂಬ ಅರಿವು ಎಲ್ಲೆಡೆಯೂ ಮೂಡಿತ್ತು.

ಇಲ್ಲಿ ಹಿರಿಯರ ಕಡೆಯ ವಾದವನ್ನು ಕೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಎಳೆಯರಿಗೆ ಅನುಭವ ಸಾಲದು, ಕ್ಷ್ಣಿಕವಾದ ಆಕರ್ಷಣೆಯನ್ನು ಅವರು ಬಾಳಿನ ಒಲವೆಂದು ತಿಳಿಯುತ್ತಾರೆ, ಮುಂದೆ ಕಷ್ಟ ಬಂದಾಗ ಕೈಹಿಡಿಯುವವರು ಹೆತ್ತವರೇ ಅಲ್ಲವೆ ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಹಿರಿಯರು ನೋಡಿ ಮಾಡಿದ ಅಸಂಖ್ಯಾತ ಮದುವೆಗಳು ಸುಖವಾಗಿ ಸಾಗಿವೆ. ತಾವೇ ಆರಿಸಿಕೊಂಡ ಮದುವೆಗಳಲ್ಲಿ ಕೆಲವು ಮುರಿದಿವೆ. ಆದರೆ ಇದರಿಂದ ಸಿದ್ಧವಾಗುವುದು ಹಿರಿಯರ ಸಲಹೆ ಬೇಕೆಂಬುದು; ಅವರ ಆಜ್ಞೆ ಬೇಕೆಂಬುದಲ್ಲ. ವರನನ್ನು ಹುಡುಕುವುದು, ವಿಚಾರಿಸುವುದು, ಎಚ್ಚರಿಸುವುದು ಹಿರಿಯರ ಕೆಲಸವಾಗಬಹುದು. ‘ಆಗಲಿ’ ಎನ್ನುವ ಹಕ್ಕೂ ‘ಬೇಡ’ ಎನ್ನುವ ಹಕ್ಕೂ ಬಾಳಬೇಕಾದವರವು. ಅನುಭವ ಸಾಲದೆಂಬ ವಾದವು ಬಾಲ್ಯವಿವಾಹಕ್ಕೂ ಅನ್ವಯಿಸುತ್ತದೆ ಎಂಬುದನ್ನು ಹಿರಿಯರು ಮರೆಯಬಾರದು. ಆರಿಸಿಕೊಳ್ಳುವಷ್ಟು ಬುದ್ಧಿ ಬಲಿಯದ ಮಗುವಿಗೆ ಸಂಸಾರದ ಭಾರವನ್ನು ಹೊರುವಷ್ಟು ಬುದ್ಧಿ ಬಲಿತಿದೆ ಎನ್ನುವುದು ಹೇಗೆ? ಮಗುವಿನ ಒಪ್ಪಿಗೆ ಒಪ್ಪಿಗೆಯಲ್ಲ. ಅದು ಭಯದ ಅಥವಾ ಮೋಹದ ಒಪ್ಪಿಗೆ. ಈ ಎಚ್ಚರವು ಹಿರಿಯರಿಗೆ ಬೇಕಾದಂತೆ, ಹದಿನೈದರ ಹರೆಯದಲ್ಲಿ ಓಡಿಹೋಗಿ ಮದುವೆಯಾಗುವ ಕನಸು ಕಾಣುವ ಕಿರಿಯರಿಗೂ ಬೇಕು.

ಹಳೆಯ ಚಪ್ಪರದ ಒಳ್ಳೆಯದನ್ನು ಉಳಿಸಿಕೊಂಡು ಕೆಟ್ಟದ್ದನ್ನು ಬಿಡುವ ದಾರಿಗಳನ್ನು ಕನ್ನಡ ನಾಡಿನ ಹಿರಿಯರೇ ತೋರಿಸಿಕೊಟ್ಟಿದ್ದಾರೆ. ಶಿವರಾಮ ಕಾರಂತರು ೧೯೩೬ರಲ್ಲಿ ಜಾತಿಯ ಎಲ್ಲೆಯನ್ನು ದಾಟಿ ಲೀಲಾ ಅವರನ್ನು ವಿವಾಹವಾದರು. ಕುವೆಂಪು ಅವರು ‘ಮಂತ್ರಮಾಂಗಲ್ಯ’ ಎಂಬ ಸರಳ ವಿವಾಹ ವಿಧಿಯನ್ನು ರೂಪಿಸಿದರು. ಅದರಲ್ಲಿ ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಆಪ್ತರ ಎದುರಿನಲ್ಲಿ ವಧೂವರರು ಅರ್ಥ ತಿಳಿದು ಪ್ರತಿಜ್ಞೆ ಮಾಡುತ್ತಾರೆ. ೧೯೬೬ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅವರು ಇದೇ ವಿಧಿಯಿಂದ ನಡೆಸಿದರು. ಕವಿಯು ಬೋಧಿಸಿದ್ದನ್ನು ಮೊದಲು ತನ್ನ ಮನೆಯಲ್ಲಿ ಆಚರಿಸಿದುದರಿಂದಲೇ ಅದನ್ನು ಅನುಸರಿಸುವವರು ಮುಂದೆ ದೊರೆತರು. ಧರ್ಮಸ್ಥಳದಲ್ಲಿ ೧೯೭೨ರಿಂದ ನಡೆದುಬಂದಿರುವ ಉಚಿತ ಸಾಮೂಹಿಕ ವಿವಾಹಗಳು ಮದುವೆಯ ಸಾಲದಿಂದ ಬಡ ಕುಟುಂಬಗಳನ್ನು ಪಾರುಮಾಡಿವೆ.

ಇಷ್ಟೆಲ್ಲ ಆದ ಮೇಲೂ ನೆಮ್ಮದಿಯಿಂದ ಕುಳಿತುಕೊಳ್ಳುವ ಕಾಲ ಬಂದಿಲ್ಲ. ವರದಕ್ಷಿಣೆಯನ್ನು ೧೯೬೧ರಲ್ಲಿಯೇ ಕಾಯಿದೆಯಿಂದ ನಿಷೇಧಿಸಲಾಯಿತು. ಅದು ‘ಉಡುಗೊರೆ’ ಎಂಬ ವೇಷ ಧರಿಸಿ ಉಳಿದಿದೆ. ಮನೆಯ ಮುಂದಿನ ಚಪ್ಪರದ ಜಾಗಕ್ಕೆ ವೈಭವದ ಕಲ್ಯಾಣಮಂಟಪ ಬಂದಿದೆ. ಒಂದೆರಡು ದಿನದ ಬೆಡಗಿಗಾಗಿ ವರ್ಷಗಟ್ಟಲೆ ತೀರದ ಸಾಲವನ್ನು ಹೊರುವವರಿದ್ದಾರೆ. ಪ್ರಾಯಕ್ಕೆ ಬಂದ ಇಬ್ಬರು ಮದುವೆಯಾಗಲು ಒಪ್ಪಿದ ಮೇಲೆ ಕುಟುಂಬದ ಅಥವಾ ಜಾತಿಯ ಅಪ್ಪಣೆ ಬೇಕಿಲ್ಲವೆಂದು, ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ, ೨೦೨೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿತು. ಆದರೂ ಜಾತಿಯ ಹೆಸರಿನಲ್ಲಿ ಹೆತ್ತ ಮಕ್ಕಳ ಮೇಲೆಯೇ ಕೈಯೆತ್ತುವ ಸುದ್ದಿಗಳು ನಿಂತಿಲ್ಲ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ೨೦ರಿಂದ ೨೪ ವರ್ಷದ ಮಹಿಳೆಯರಲ್ಲಿ ಶೇಕಡ ೨೧ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಎಂದರೆ ಐವರಲ್ಲಿ ಒಬ್ಬಳಿಗೆ. ಒಂದು ಬೆಂಚಿನಲ್ಲಿ ಐದು ಹುಡುಗಿಯರು ಕುಳಿತಿದ್ದರೆ ಅವರಲ್ಲಿ ಒಬ್ಬಳು ಎಂದು ಭಾವಿಸಿದರೆ ಈ ಅಂಕೆಯ ಭಾರ ತಿಳಿಯುತ್ತದೆ.

ಕಾಯಿದೆ ಬಾಗಿಲವರೆಗೆ ಬರಬಲ್ಲದು. ಮನೆಯ ಒಳಗಿನ ಮನಸ್ಸನ್ನು ತಿದ್ದಬೇಕಾದುದು ವಿದ್ಯೆ. ಶಾಲೆಯನ್ನು ನಡುವೆಯೇ ಬಿಟ್ಟ ಹುಡುಗಿಯ ಮದುವೆಗೆ ಮನೆಯವರು ಅವಸರ ಪಡುತ್ತಾರೆ. ಓದುತ್ತಿರುವ ಹುಡುಗಿಯ ಮದುವೆಯನ್ನು ಮುಂದೂಡಲು ಅವರಿಗೇ ಒಂದು ಕಾರಣ ದೊರೆಯುತ್ತದೆ. ಆದುದರಿಂದ ಹುಡುಗಿಯೊಬ್ಬಳು ಓದನ್ನು ಮುಂದುವರಿಸುವಂತೆ ನೋಡಿಕೊಳ್ಳುವುದೇ ಅವಳ ಒಪ್ಪಿಗೆಗೆ ಬೆಲೆ ಬರುವಂತೆ ಮಾಡುವ ಮೊದಲ ಮಾರ್ಗ. ಹುಡುಗರ ಪಾಲಿನ ಕರ್ತವ್ಯವೂ ಇದರಲ್ಲಿ ಕಡಿಮೆಯಿಲ್ಲ. ವರದಕ್ಷಿಣೆಯನ್ನು ಮುಟ್ಟೆನೆಂಬ ಸಂಕಲ್ಪ, ಅಕ್ಕತಂಗಿಯರ ಮಾತಿಗೆ ಮನೆಯಲ್ಲಿ ತನ್ನ ಮಾತಿನಷ್ಟೇ ತೂಕವಿರಬೇಕೆಂಬ ಹಟ ಅವರಲ್ಲಿ ಈ ವಯಸ್ಸಿನಲ್ಲಿಯೇ ಬೇರೂರಬೇಕು.

ಹಾಜರಿ ಕರೆಯುವಾಗ ಒಂದು ಹೆಸರಿಗೆ ಕೆಲವು ದಿನ ಉತ್ತರ ಬರದಿದ್ದರೆ, ಆ ಗೆಳತಿ ಎಲ್ಲಿ ಹೋದಳು, ಏಕೆ ಬರಲಿಲ್ಲ ಎಂದು ಮೊದಲು ಕೇಳಬೇಕಾದವರು ಪಕ್ಕದಲ್ಲಿ ಕುಳಿತಿದ್ದವರು. ಮದುವೆಯ ಮಾತು ನಡೆಯುತ್ತಿದೆಯೆಂದು ತಿಳಿದರೆ ಉಪಾಧ್ಯಾಯರಿಗೆ ಹೇಳಬಹುದು. ೧೦೯೮ ಎಂಬ ಮಕ್ಕಳ ಸಹಾಯವಾಣಿಗೆ ತಿಳಿಸಬಹುದು. ಅದು ಇತರರ ಮನೆಯ ವಿಷಯದಲ್ಲಿ ತಲೆಹಾಕಿದಂತೆ ಆಗದು. ಎಂಬತ್ತನಾಲ್ಕು ವರ್ಷಗಳ ಹೋರಾಟದಿಂದ ನಾಡು ಗಳಿಸಿಕೊಟ್ಟ ಹತ್ತು ವರ್ಷಗಳ ಬಾಲ್ಯವನ್ನು ಒಬ್ಬ ಗೆಳತಿಗೆ ಉಳಿಸಿಕೊಟ್ಟಂತೆ ಆಗುತ್ತದೆ.